ಶನಿವಾರ ರಾತ್ರಿಯ ಹೊಟ್ಟೆನೋವು

ಪ್ರಶ್ನೆ: ಮೇಡಂ, ಗಂಡನ ಹೊಡೆತ ತಾಳಲಾರದೆ ಒಂದೂವರೆ ವರ್ಷದ ಹಿಂದೆ ತವರಿಗೆ ಬಂದೆ. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು. ಕೋರ್ಟ್ ಹೇಳಿದಂತೆ ಹದಿನೈದು ದಿನಕ್ಕೊಮ್ಮೆ ಭಾನುವಾರ ಮಗ ಅಪ್ಪನ ಹತ್ತಿರ ಹೋಗುತ್ತಾನೆ. ಹಿಂದಿನ ರಾತ್ರಿಯೇ ಹೊಟ್ಟೆನೋವು ಶುರು. ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಬಂದಿದೆ. ವಾಪಸ್ ಬಂದ ಮೇಲೆ ತಂಗಿಗೆ ಹೊಡೆಯುತ್ತಾನೆ. ಮೊನ್ನೆ ನನಗೇ ‘ನಿನಗೆ ಬುದ್ಧಿ ಇಲ್ವಾ?’ ಅಂದ, ಥೇಟ್ ಅವರಪ್ಪನ ಧಾಟಿ. ರಕ್ತದ ಗುಣವಾ ಇದು? ‘ಬಿಟ್ಟು ಬಂದಾಯ್ತಲ್ಲ, ಇನ್ನೇನು ನಿಂದು’ ಅಂತಾರೆ ನಮ್ಮಮ್ಮ.
(ಹೆಸರು ಬೇಡ, ದಾವಣಗೆರೆ)

ಉತ್ತರ: ರಕ್ತದ ಗುಣ ಅನ್ನೋದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಜೋರಾಗಿ ಕೂಗಿದವರ ಮಾತೇ ನಡೆಯುತ್ತದೆ ಅಂತ ಆ ಮನೆಯಲ್ಲಿ ಕಣ್ಣಾರೆ ನೋಡಿದ್ದಾನೆ, ಈಗ ತನಗಿಂತ ಚಿಕ್ಕವಳ ಮೇಲೆ ಅದನ್ನೇ ಮಾಡುತ್ತಿದ್ದಾನೆ. ನಿಮ್ಮಮ್ಮನಿಗೆ ಒಂದು ಮಾತು ಹೇಳಿ: ಬಿಟ್ಟು ಬಂದಿದ್ದು ನೀವು, ಅವನಲ್ಲ. ಅಲ್ಲಿದ್ದಾಗ ಅಡ್ಡ ಬರೋಕೆ ನೀವಾದರೂ ಇದ್ದಿರಿ. ಈಗ ಅವನು ಒಬ್ಬನೇ ಹೋಗಬೇಕು, ಅಲ್ವಾ?

ಮೂತ್ರದ ಸೋಂಕಿದ್ದರೂ ಹೀಗಾಗಬಹುದು, ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆದರೆ ಬರೀ ಆ ಶನಿವಾರಗಳಲ್ಲೇ ಬರುವ ಹೊಟ್ಟೆನೋವನ್ನು ದಯವಿಟ್ಟು ನಾಟಕ ಅನ್ನಬೇಡಿ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಪುಟ್ಟ ಹುಡುಗಿ, ಅಪ್ಪನ ಮನೆಯಿರಲಿ ಅಮ್ಮನ ಮನೆಯಿರಲಿ, ಚಪ್ಪಲಿ ಕಳಚೋಕೆ ಮುಂಚೆ ಹೊಸ್ತಿಲಲ್ಲೇ ನಿಂತು ದೊಡ್ಡವರ ಮುಖ ನೋಡುತ್ತಿದ್ದಳು. ಅಲ್ಲಿ ‘ಅಮ್ಮ ಯಾರ ಜೊತೆ ಫೋನಲ್ಲಿ ಮಾತಾಡ್ತಾಳೆ?’, ಇಲ್ಲಿ ‘ಅಪ್ಪ ಏನಂದ್ರು?’ ಇಬ್ಬರಿಗೂ ವರದಿ ಒಪ್ಪಿಸಿ ಒಪ್ಪಿಸಿ ಸೋತು ಹೋಗಿದ್ದಳು ಪಾಪ. ನಿಮ್ಮ ಮಗ ಬಂದ ತಕ್ಷಣ ಏನೂ ಕೇಳಬೇಡಿ. ಊಟ ಹಾಕಿ, ಸುಮ್ನೆ ಪಕ್ಕದಲ್ಲಿ ಕೂತಿರಿ, ಹೇಳಬೇಕು ಅನಿಸಿದಾಗ ತಾನೇ ಹೇಳುತ್ತಾನೆ. ತಂಗಿ ಮೇಲೆ ಕೈ ಎತ್ತಿದರೆ ಕೈ ಹಿಡಿದು ನಿಲ್ಲಿಸಿ, ‘ಈ ಮನೇಲಿ ಯಾರೂ ಯಾರಿಗೂ ಹೊಡೆಯಲ್ಲ’ ಅನ್ನಿ. ನೀವೂ ಹೊಡೆಯಬಾರದು ಮತ್ತೆ!

ಇನ್ನು ಕೋರ್ಟ್ ವಿಷಯ. ನೀವಾಗಿಯೇ ಕಳಿಸೋದು ನಿಲ್ಲಿಸಿದರೆ ಅದನ್ನೇ ನಿಮ್ಮ ಮೇಲೆ ತಿರುಗಿಸಬಹುದು. ಹೊಟ್ಟೆನೋವು, ಹಾಸಿಗೆ, ಅವನಾಡಿದ ಮಾತು ಎಲ್ಲವನ್ನೂ ತಾರೀಖು ಹಾಕಿ ಬರೆದಿಡಿ. ಆದೇಶ ಕೊಟ್ಟ ಕೋರ್ಟಿಗೇ ಬದಲಾವಣೆಯ ಅರ್ಜಿ ಹಾಕಬಹುದು. ಭೇಟಿ ಮೂರನೆಯವರ ಎದುರಲ್ಲೇ ಆಗಲಿ ಅಂತ ಕೇಳಿ. ಕೌಟುಂಬಿಕ ಹಿಂಸೆಯ 2005ರ ಕಾಯ್ದೆಯ 21ನೇ ಕಲಂ ಪ್ರಕಾರ, ಭೇಟಿಯಿಂದ ಮಗುವಿಗೆ ಹಾನಿ ಅನಿಸಿದರೆ ಮ್ಯಾಜಿಸ್ಟ್ರೇಟ್ ಅದನ್ನು ನಿರಾಕರಿಸಲೇಬೇಕು. ವಕೀಲರ ಫೀಸಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಅಪ್ಪನ ಹತ್ತಿರ ಹೋದಾಗ ಮಗುವಿಗೆ ಹೊಡೆತ ಬಿದ್ದಿದೆ ಅಂತ ಗೊತ್ತಾದರೆ ಮಾತ್ರ ಮುಂದಿನ ತಾರೀಖಿಗೆ ಕಾಯಬೇಡಿ, ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿನ ಮನಸ್ಸಿನ ವಿಷಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಈ ಶನಿವಾರ ಹಾಸಿಗೆ ಕೆಳಗೊಂದು ಪ್ಲಾಸ್ಟಿಕ್ ಶೀಟ್ ಹಾಕಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಏನೂ ಅನ್ನದೆ ಬದಲಾಯಿಸಿಬಿಡಿ, ತಂಗಿ ಏಳೋಕೆ ಮುಂಚೆ.