ಭುಜದ ನೋವಿಗೆ ಹತ್ತು ಸಿಟ್ಟಿಂಗ್ ಅಲ್ಟ್ರಾಸೌಂಡ್ ಬರೆದಿದ್ದಾರೆ, ಕೂಲಿ ಬಿಟ್ಟು ದಿನಾ ಹೋಗಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತಂದೆಯವರಿಗೆ 54 ವರ್ಷ, ಶಹಾಬಾದಿನಲ್ಲಿ ಪರಸಿ ಕಲ್ಲು ಲಾರಿಗೆ ಏರಿಸುವ ಕೆಲಸ, ಮೂರು ತಿಂಗಳಿಂದ ಬಲ ಭುಜದ ನೋವು, ಜೊತೆಗೆ ಶುಗರ್ ಇದೆ. ಎಲುಬಿನ ಡಾಕ್ಟರು ಎಕ್ಸ್-ರೇ ನೋಡಿ ಎಲುಬು ಸರಿ ಇದೆ, ಟೆಂಡನ್‌ಗೆ (ಸ್ನಾಯುವನ್ನು ಎಲುಬಿಗೆ ಕಟ್ಟುವ ಪಟ್ಟಿಗೆ) ಪೆಟ್ಟಾಗಿದೆ ಎಂದು ಫಿಜಿಯೋಗೆ ಬರೆದುಕೊಟ್ಟಿದ್ದಾರೆ. ಕಲಬುರಗಿಯ ಕ್ಲಿನಿಕ್ಕಿನಲ್ಲಿ ದಿನಕ್ಕೊಂದರಂತೆ ಹತ್ತು ಸಿಟ್ಟಿಂಗ್ ಅಲ್ಟ್ರಾಸೌಂಡ್ ಹೇಳಿದ್ದಾರೆ. ಹೋಗಿಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಇದರಿಂದ ಉಪಯೋಗ ಇದೆಯಾ?

ನಾನು ಕಲಬುರಗಿಯಲ್ಲೇ ಫಿಜಿಯೋಥೆರಪಿ ಮಾಡುವವನು. ಆ ಮಷೀನ್ ನನ್ನ ಟೇಬಲ್ ಮೇಲೂ ಇದೆ, ಬಳಸುತ್ತಲೂ ಇದ್ದೇನೆ. ಆದ್ದರಿಂದ ಇದನ್ನು ಮಷೀನ್ ಕಂಡರೆ ಆಗದವನ ಮಾತು ಅಂದುಕೊಳ್ಳಬೇಡಿ. ಬರೀ ಅಲ್ಟ್ರಾಸೌಂಡ್‌ಗೋಸ್ಕರವಾದರೆ ಹತ್ತು ದಿನದ ಕೂಲಿ ಕಳೆದುಕೊಳ್ಳಬೇಡಿ. ಸಿಟ್ಟಿಂಗಿನಲ್ಲಿ ವ್ಯಾಯಾಮ ಹೇಳಿಕೊಟ್ಟು, ಮಾಡಿಸಿ, ಮುಂದಿನ ಸಲ ಅದನ್ನು ಪರೀಕ್ಷಿಸಿ ಸ್ವಲ್ಪ ಭಾರ ಏರಿಸುತ್ತಾರೆ ಅಂದರೆ ಖಂಡಿತ ಹೋಗಿ. ಆಗ ಜೊತೆಗೆ ಐದು ನಿಮಿಷ ಮಷೀನ್ ಇಟ್ಟರೂ ಸರಿ, ಇಡದಿದ್ದರೂ ಸರಿ. ಇದಕ್ಕೆ ಒಂದು ಅಪವಾದ ಇದೆ, ಮುಂದೆ ಹೇಳುತ್ತೇನೆ.

ನಮ್ಮ ಕಡೆ ಎಲ್ಲರೂ ಇದಕ್ಕೆ ಕರೆಂಟ್ ಇಡೋದು ಅಂತಾರೆ, ಆದರೆ ಮೈಯೊಳಗೆ ಕರೆಂಟ್ ಹೋಗುವುದಿಲ್ಲ. ಪ್ಯಾಡ್ ಅಂಟಿಸಿ ಚುಮುಚುಮು ಅನ್ನಿಸುವ ಮಷೀನೇ ಬೇರೆ. ಅಲ್ಟ್ರಾಸೌಂಡ್ ಹೆಡ್ಡಿನಲ್ಲಿ, ಅಂದರೆ ಚರ್ಮದ ಮೇಲೆ ಆಡಿಸುವ ಹಿಡಿಯಲ್ಲಿ, ಒಂದು ಕ್ರಿಸ್ಟಲ್ ಇರುತ್ತದೆ, ವಿದ್ಯುತ್ ಕೊಟ್ಟಾಗ ಅದು ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಸಲ ಅದುರುತ್ತದೆ, ಅಂದರೆ 1 ಅಥವಾ 3 ಮೆಗಾಹರ್ಟ್ಸ್. ಮನುಷ್ಯರ ಕಿವಿಗೆ 20 ಸಾವಿರದ ಮೇಲಿನದು ಕೇಳಿಸದು. ಹೊಟ್ಟೆ ಸ್ಕ್ಯಾನ್ ಮಾಡುವುದೂ ಇಂಥ ಶಬ್ದದಿಂದಲೇ, ಆದರೆ ಸ್ಕ್ಯಾನಿಂಗ್ ಮಷೀನ್ ಒಳಗಿನಿಂದ ವಾಪಸ್ ಬಂದ ಪ್ರತಿಧ್ವನಿ ಹಿಡಿದು ಚಿತ್ರ ತೋರಿಸುತ್ತದೆ. ನಮ್ಮದು ಶಕ್ತಿಯನ್ನು ಒಳಗೆ ಬಿಡುವುದಷ್ಟೇ. ನಡುವೆ ಗಾಳಿ ಇದ್ದರೆ ಶಬ್ದವೆಲ್ಲ ಚರ್ಮದ ಮೇಲಿಂದಲೇ ತಿರುಗಿ ಹೋಗುತ್ತದೆ, ಅದಕ್ಕೇ ಜೆಲ್ ಹಚ್ಚುವುದು. ಅಂಗಿಯ ಮೇಲೆ ಆಡಿಸಿದರೆ ಆಡಿಸಿದ ಹಾಗಲ್ಲ.

ತಂದೆಯವರಿಗೆ ಏನೂ ಗೊತ್ತಾಗದಿರಬಹುದು, ಹೆಚ್ಚೆಂದರೆ ಸ್ವಲ್ಪ ಬೆಚ್ಚಗೆ. "ಏನೂ ತಿಳಿವಲ್ದಲ್ರಿ, ಮಷೀನ್ ಚಾಲೂ ಅದನೋ ಇಲ್ಲೋ?" ಅಂತ ಕೇಳುವವರು ಬಹಳ. ಅಂಥವರಿಗೆ ನಾನು ಹೆಡ್ಡನ್ನು ಮೇಲ್ಮುಖ ಹಿಡಿದು, ಅದರ ಮೇಲೆ ಒಂದೆರಡು ಹನಿ ನೀರು ಬಿಟ್ಟು ಪವರ್ ಏರಿಸಿ ತೋರಿಸುತ್ತೇನೆ. ಬಿಸಿಯೇ ಇಲ್ಲದೆ ನೀರು ಕುದಿಯುವ ಹಾಗೆ ಗುಳ್ಳೆ ಎದ್ದು ಸಿಡಿಯುತ್ತದೆ. ಹಾಗೆ ಏಳದಿದ್ದರೆ ಹೆಡ್ ಕೆಟ್ಟಿರಬಹುದು. ನೀವೂ ತೋರಿಸಿ ಅಂತ ಕೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳಬಾರದು.

ಈಗ ಲೆಕ್ಕ ನೋಡಿ. 1 ಮೆಗಾಹರ್ಟ್ಸ್, ಚದರ ಸೆಂಟಿಮೀಟರಿಗೆ 1 ವ್ಯಾಟ್ ಇಟ್ಟು ಬಿಡದೆ ಕೊಟ್ಟರೆ ಒಳಗಿನ ಮಾಂಸದ ಉಷ್ಣಾಂಶ ನಿಮಿಷಕ್ಕೆ ಸುಮಾರು 0.2 ಡಿಗ್ರಿ ಏರುತ್ತದೆ. 3 ಮೆಗಾಹರ್ಟ್ಸ್ ಆದರೆ ಸುಮಾರು 0.6. ಅದೂ ಹೆಡ್ಡಿನ ಎರಡರಷ್ಟು ಜಾಗದಲ್ಲಿ ಮಾತ್ರ ನಿಧಾನವಾಗಿ ಆಡಿಸಿದಾಗ. ಬಿಗಿದ ಟೆಂಡನ್ ಸಡಿಲವಾಗುವಷ್ಟು ಕಾವು ಬೇಕೆಂದರೆ ಮೂರ್ನಾಲ್ಕು ಡಿಗ್ರಿ ಏರಬೇಕು. ಸಾಮಾನ್ಯವಾಗಿ ನಡೆಯುವುದೇನು? 1 ಮೆಗಾಹರ್ಟ್ಸ್‌ನಲ್ಲಿ ಐದು ನಿಮಿಷ, ಕುತ್ತಿಗೆಯಿಂದ ರಟ್ಟೆಯವರೆಗೆ ಉದ್ದಕ್ಕೂ ಸವರುವುದು. ಲೆಕ್ಕ ಹಾಕಿದರೆ ಒಂದು ಡಿಗ್ರಿಯೂ ಏರುವುದಿಲ್ಲ. ಬಿಟ್ಟು ಬಿಟ್ಟು ಕೊಡುವ ಪಲ್ಸ್ ವಿಧಾನದಲ್ಲಂತೂ ಕಾವು ಲೆಕ್ಕಕ್ಕಿಲ್ಲ. ಅದು ಜೀವಕೋಶದ ಮಟ್ಟದಲ್ಲಿ ಕೆಲಸ ಮಾಡುತ್ತದೆ ಅಂತ ನಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಆ ಮಾತಿಗೆ ಆಧಾರ ಹೆಚ್ಚಾಗಿ ಪ್ರಯೋಗಾಲಯದ ಬಟ್ಟಲಿನದು, ಕಲ್ಲು ಹೊರುವ ಮನುಷ್ಯನ ಭುಜದ್ದಲ್ಲ.

ಕೈ ಯಾವ ಭಂಗಿಯಲ್ಲಿದೆ ಅನ್ನುವುದೂ ಮುಖ್ಯ. ಭಾರ ಎತ್ತುವವರಲ್ಲಿ ಸಾಮಾನ್ಯವಾಗಿ ಸವೆಯುವುದು ಸುಪ್ರಾಸ್ಪೈನೇಟಸ್ ಎಂಬ ಟೆಂಡನ್. ಕೈ ಪಕ್ಕಕ್ಕೆ ಜೋತುಬಿಟ್ಟಿದ್ದರೆ ಅದು ಭುಜದ ತುದಿಯ ಎಲುಬಿನ ಕೆಳಗೆ ಅಡಗಿರುತ್ತದೆ, ಎಲುಬಿನ ಆಚೆ ಶಬ್ದ ದಾಟುವುದಿಲ್ಲ. ಕೈಯನ್ನು ಬೆನ್ನ ಹಿಂದೆ ಸೊಂಟದ ಹತ್ತಿರ ಇರಿಸಿದರೆ ಟೆಂಡನ್ ಮುಂದೆ ಸರಿದು ಸಿಗುತ್ತದೆ, ಚರ್ಮದಿಂದ ಬಹಳ ಆಳದಲ್ಲೇನೂ ಇರುವುದಿಲ್ಲ, 3 ಮೆಗಾಹರ್ಟ್ಸ್ ಸಾಕು. ಹೀಗೆ ಕೂರಿಸಿ, ಸಣ್ಣ ಜಾಗದಲ್ಲಿ, ಹೆಡ್ ನಿಲ್ಲಿಸದೆ ಆಡಿಸುತ್ತಿದ್ದರೆ ಆ ಫಿಜಿಯೋಗೆ ಕೆಲಸ ಗೊತ್ತು ಅಂತ ಅರ್ಥ. ಒಂದೇ ಕಡೆ ಹಿಡಿದು ಫೋನಿನಲ್ಲಿ ಮಾತಾಡುತ್ತಿದ್ದರೆ ಎದ್ದು ಬನ್ನಿ. ನಿಂತ ಜಾಗದಲ್ಲಿ ಎಲುಬಿನ ಮೇಲ್ಪದರ ಕಾದು ಚುಚ್ಚಿದಂತೆ ನೋವಾಗುತ್ತದೆ. ಹಾಗಾದರೆ ತಂದೆಯವರು ಸಹಿಸಿಕೊಂಡು ಕೂರದೆ ತಕ್ಷಣ ಹೇಳಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಫಲ ಎಷ್ಟು? ರೊಟೇಟರ್ ಕಫ್ (ಸುಪ್ರಾಸ್ಪೈನೇಟಸ್ ಸೇರಿ ಭುಜವನ್ನು ಸುತ್ತುವರಿದ ಟೆಂಡನ್‌ಗಳು) ತೊಂದರೆಗೆ ಇಂಥ ಮಷೀನುಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ, ಚಿಕಿತ್ಸೆಗಳ ಸಾಕ್ಷ್ಯ ತೂಗಿ ನೋಡುವ ಕಾಕ್ರೇನ್ ತಂಡ 2016ರಲ್ಲಿ ವಿಮರ್ಶೆ ಪ್ರಕಟಿಸಿತು. ಕ್ಯಾಲ್ಸಿಯಂ ಕಟ್ಟಿದ ಟೆಂಡನ್ ಬಿಟ್ಟರೆ, ನಿಜವಾದ ಅಲ್ಟ್ರಾಸೌಂಡ್‌ಗೂ ಸುಮ್ಮನೆ ಆಫ್ ಮಾಡಿ ಆಡಿಸಿದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಸೊಂಟ ನೋವಿಗೆ ಅಲ್ಟ್ರಾಸೌಂಡ್ ಕೊಡಬೇಡಿ ಅಂತ ಯಾವ ಚಿಕಿತ್ಸೆ ಕೊಡಬೇಕೆಂದು ಸಲಹೆ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ ಅದೇ ವರ್ಷದ ಮಾರ್ಗಸೂಚಿಯಲ್ಲಿ ನೇರವಾಗಿಯೇ ಬರೆದಿದೆ.

ಮೇಲೆ ಹೇಳಿದ ಅಪವಾದ ಈ ಕ್ಯಾಲ್ಸಿಯಂ. ಕೆಲವರ ಟೆಂಡನ್‌ನಲ್ಲಿ ಸುಣ್ಣದಂಥ ಗಡ್ಡೆ ಕಟ್ಟುತ್ತದೆ, ಎಕ್ಸ್-ರೇಯಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ವಿಯೆನ್ನಾದ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥವರಿಗೆ 15 ನಿಮಿಷದ 24 ಸಿಟ್ಟಿಂಗ್ ಕೊಟ್ಟರು. ಒಂಬತ್ತು ತಿಂಗಳ ನಂತರ ನೋಡಿದಾಗ 42 ಶೇಕಡಾ ಭುಜಗಳಲ್ಲಿ ಗಡ್ಡೆ ಕರಗಿತ್ತು, ಸುಳ್ಳು ಚಿಕಿತ್ಸೆ ಪಡೆದವರಲ್ಲಿ 8 ಶೇಕಡಾ ಮಾತ್ರ. ಚಿಕಿತ್ಸೆ ಮುಗಿಯುವ ಹೊತ್ತಿಗೆ ನೋವೂ ನಿಜವಾದ ಅಲ್ಟ್ರಾಸೌಂಡ್ ಪಡೆದವರಿಗೇ ಹೆಚ್ಚು ಇಳಿದಿತ್ತು. ಆದರೆ ಒಂಬತ್ತು ತಿಂಗಳಿಗೆ ನೋವಿನ ವಿಷಯದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಐದು ನಿಮಿಷದ ಹತ್ತು ಸಿಟ್ಟಿಂಗಿಗೆ ಈ ಅಧ್ಯಯನವನ್ನು ಸಾಕ್ಷಿ ಕರೆಯಲು ಬರುವುದಿಲ್ಲ ಅನ್ನುವುದನ್ನೂ ಗಮನಿಸಿ.

ಹಾಗಾದರೆ ಎಲ್ಲ ಕ್ಲಿನಿಕ್ಕಿನಲ್ಲೂ ಯಾಕೆ ಕೊಡುತ್ತಾರೆ ಅಂತ ನೀವು ಕೇಳಬಹುದು. ತಪ್ಪು ಒಂದು ಕಡೆಯದಲ್ಲ. ಅರ್ಧ ಗಂಟೆ ಕೂತು ವ್ಯಾಯಾಮ ಮಾಡಿಸಿದ ದಿನ ಜೇವರ್ಗಿ ಕಡೆಯಿಂದ ಬಂದ ಹಿರಿಯರು ಹೊರಡುವಾಗ "ಇವತ್ತ ಮಷೀನ್ ಇಡಲೇ ಇಲ್ಲಲ್ರಿ ಸರ, ರೊಕ್ಕ ಅಷ್ಟೇ ತಗೊಂಡ್ರಿ" ಅಂತಾರೆ. ಕೈ ಎತ್ತು ಇಳಿಸು ಅನ್ನುವುದು ಅವರಿಗೆ ಚಿಕಿತ್ಸೆ ಅನ್ನಿಸುವುದಿಲ್ಲ, ಲೈಟ್ ಹತ್ತಿ ಬೀಪ್ ಅನ್ನುವುದು ಚಿಕಿತ್ಸೆ. ಕ್ಲಿನಿಕ್ಕಿಗೂ ಅನುಕೂಲ: ಹೆಡ್ ಆಡಿಸುವುದನ್ನು ಸಹಾಯಕರಿಗೆ ಬಿಟ್ಟು ಇನ್ನೊಬ್ಬರನ್ನು ನೋಡಬಹುದು. ನಾನು ಬಳಸುವುದು ನೋವಿನ ಹೆದರಿಕೆಗೆ ಕೈಯನ್ನೇ ಅಲುಗಾಡಿಸದವರಿಗೆ. ಮಷೀನ್ ಇಟ್ಟ ಮೇಲೆ ಹಗುರ ಅನ್ನಿಸಿ ಧೈರ್ಯ ಬರುತ್ತದೆ, ಆ ಧೈರ್ಯ ಇರುವಾಗಲೇ ವ್ಯಾಯಾಮ ಶುರು ಮಾಡಿಸುತ್ತೇನೆ. ಆ ಹಗುರ ಶಬ್ದದ್ದೋ ನಂಬಿಕೆಯದ್ದೋ, ಕೈ ಮೇಲೆದ್ದರೆ ನನಗೆ ತಕರಾರಿಲ್ಲ.

ನಿಮ್ಮ ತಂದೆಗೆ ಶುಗರ್ ಇರುವುದರಿಂದ ಎರಡು ಮಾತು. ಬಹಳ ವರ್ಷದ ಶುಗರ್ ಇದ್ದರೆ ಚರ್ಮದ ಸ್ಪರ್ಶ ಮಂದವಾಗಿರಬಹುದು, ಮಷೀನ್ ಇಡುವ ಮೊದಲು ಬಿಸಿ-ತಣ್ಣಗೆ ಗೊತ್ತಾಗುತ್ತದಾ ಅಂತ ಪರೀಕ್ಷಿಸಬೇಕು. ಎರಡನೆಯದು ಇನ್ನೂ ಮುಖ್ಯ: ಶುಗರ್ ಇದ್ದವರಲ್ಲಿ ಭುಜ ಬಿಗಿದು ಹೋಗುವ ಫ್ರೋಜನ್ ಶೋಲ್ಡರ್ ಹೆಚ್ಚು. ಮನೆಯಲ್ಲೇ ನೋಡಿ. ಮೊಣಕೈ ಮಡಿಸಿ ಪಕ್ಕೆಗೆ ತಾಗಿಸಿಟ್ಟು, ಮುಂಗೈಯನ್ನು ನೀವೇ ಹಿಡಿದು ಮೆಲ್ಲಗೆ ಹೊರಗಡೆ ತಿರುಗಿಸಿ. ಎಡಗೈ ಹೋದಷ್ಟೇ ಬಲಗೈಯೂ ಹೋದರೆ ಟೆಂಡನ್ ತೊಂದರೆ ಇರಬಹುದು. ನೀವು ತಿರುಗಿಸಿದರೂ ಅರ್ಧಕ್ಕೇ ಗಟ್ಟಿಯಾಗಿ ನಿಂತರೆ ಡಾಕ್ಟರಿಗೆ ಮತ್ತೆ ತೋರಿಸಿ, ಅದರ ದಾರಿಯೇ ಬೇರೆ.

ಟೆಂಡನ್ನೇ ಆಗಿದ್ದರೆ ವಾಸಿ ಮಾಡುವುದು ಹಂತ ಹಂತವಾಗಿ ಏರಿಸುವ ಭಾರ. ನಾನು ಮಾಡಿಸುವುದನ್ನು ಬರೆಯುತ್ತೇನೆ, ನಿಮ್ಮ ಫಿಜಿಯೋ ಜೊತೆ ಮಾತಾಡಿ ಶುರು ಮಾಡಿ. ಮೊದಲ ಒಂದೆರಡು ವಾರ ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಮೊಣಕೈ ಮಡಿಸಿ ಪಕ್ಕೆಗೆ ಇಟ್ಟು, ಮುಂಗೈಯ ಹಿಂಬದಿಯಿಂದ ಚೌಕಟ್ಟನ್ನು ಹೊರಕ್ಕೆ ಒತ್ತುವುದು. ಅರ್ಧ ಶಕ್ತಿ ಸಾಕು, 30 ಸೆಕೆಂಡ್ ಹಿಡಿದು ಬಿಡುವುದು, ಐದು ಸಲ, ದಿನಕ್ಕೆರಡು ಹೊತ್ತು. ಕೈ ಅಲುಗುವುದಿಲ್ಲ, ಸ್ನಾಯು ಮಾತ್ರ ಕೆಲಸ ಮಾಡುತ್ತದೆ. ನೋವು ಸ್ವಲ್ಪ ಇಳಿದ ಮೇಲೆ ರಬ್ಬರ್ ಬ್ಯಾಂಡ್. ಕೊಳ್ಳಬೇಕೆಂದಿಲ್ಲ, ಸೈಕಲ್ ಅಂಗಡಿಯಲ್ಲಿ ಬಿಸಾಡುವ ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ ಕಿಟಕಿ ಸರಳಿಗೆ ಕಟ್ಟಿ. ಕಂಕುಳಲ್ಲಿ ಮಡಿಸಿದ ಟವೆಲ್ ಹಿಡಿದು, ಟ್ಯೂಬನ್ನು ಹೊರಕ್ಕೆ ಎಳೆದು ನಿಧಾನವಾಗಿ ವಾಪಸ್ ಬಿಡಬೇಕು. ವಾಪಸ್ ಬಿಡುವಾಗಿನ ನಿಧಾನದಲ್ಲೇ ಅರ್ಧ ಕೆಲಸ ಇರುವುದು, ಎಲ್ಲರೂ ಅಲ್ಲೇ ಅವಸರ ಮಾಡುತ್ತಾರೆ. ಹತ್ತರಂತೆ ಮೂರು ಸಲ, ದಿನ ಬಿಟ್ಟು ದಿನ. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಹೆಬ್ಬೆರಳು ಮೇಲೆ ಮಾಡಿ, ಸ್ವಲ್ಪ ಓರೆಯಾಗಿ ಭುಜದ ಎತ್ತರದವರೆಗೆ ಎತ್ತುವುದು. ಮುಂದೆ ಬಾಟಲಿ ದೊಡ್ಡದಾಗುತ್ತದೆ.

ಮಾಡುವಾಗ ಹತ್ತಕ್ಕೆ ನಾಲ್ಕರಷ್ಟು ನೋವು ಬಂದರೆ ಹೆದರಬೇಕಿಲ್ಲ, ಮರುದಿನ ಬೆಳಿಗ್ಗೆಗೆ ಹಿಂದಿನಷ್ಟಕ್ಕೇ ಬಂದಿರಬೇಕು. ಬರದಿದ್ದರೆ ಭಾರ ಇಳಿಸಿ, ವ್ಯಾಯಾಮ ಬಿಡಬೇಡಿ. ಇದಕ್ಕೆ ಹನ್ನೆರಡು ವಾರ ಹಿಡಿಯುತ್ತದೆ. ಹತ್ತು ದಿನದಲ್ಲಿ ಗುಣ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಊರಲ್ಲಿ ಕೈ ಎಳೆದು ತಿಕ್ಕುವವರ ಹತ್ತಿರವೂ ಈ ಭುಜ ಕೊಡಬೇಡಿ.

ಹಾಗಾಗಿ ನಿಮ್ಮ ಫಿಜಿಯೋಗೆ ನೇರವಾಗಿ ಹೀಗೆ ಕೇಳಿ: "ಹತ್ತು ಸಿಟ್ಟಿಂಗನ್ನು ಹತ್ತು ದಿನದಲ್ಲಿ ಮುಗಿಸುವ ಬದಲು ವಾರಕ್ಕೊಂದು ಮಾಡಿ, ಪ್ರತಿ ಸಲ ವ್ಯಾಯಾಮ ನೋಡಿ ಮುಂದಿನದು ಹೇಳಿ." ಒಳ್ಳೆಯವರಾದರೆ ಒಪ್ಪುತ್ತಾರೆ. ರಜೆ ದಿನ ನೋಡಿ ಬಂದರೆ ಕೂಲಿಯೂ ಉಳಿಯುತ್ತದೆ. ದುಡ್ಡಿನ ತೊಂದರೆ ಇದ್ದರೆ ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ, ತಂದೆಯವರಿಗೆ ಇ.ಎಸ್.ಐ. ಕಾರ್ಡ್ ಇದ್ದರೆ ಸೇಡಂ ರಸ್ತೆಯ ಇ.ಎಸ್.ಐ. ಆಸ್ಪತ್ರೆ ಇದೆ. ಆನ್‌ಲೈನಿನಲ್ಲಿ ಸಿಗುವ ಪುಟ್ಟ ಮನೆ-ಮಷೀನ್ ಮಾತ್ರ ಕೊಳ್ಳಬೇಡಿ.

ಕೆಲಸ ಪೂರ್ತಿ ಬಿಡಿಸಲು ಆಗದು, ನನಗೆ ಗೊತ್ತು. ಲಾರಿಯ ಮೇಲೆ ನಿಂತು ಕಲ್ಲು ಜೋಡಿಸುವ ಕೆಲಸ ಅವರಿಗಿರಲಿ, ಕೆಳಗಿನಿಂದ ಭುಜಕ್ಕಿಂತ ಮೇಲೆ ಎತ್ತಿ ಕೊಡುವುದನ್ನು ಒಂದೆರಡು ತಿಂಗಳು ಬೇರೆಯವರು ಮಾಡಲಿ. ಮೇಸ್ತ್ರಿಗೆ ಹೇಳಿ ಕೆಲಸ ಬದಲಿಸಿಕೊಳ್ಳುವುದು ಅಲ್ಟ್ರಾಸೌಂಡ್‌ಗಿಂತ ದೊಡ್ಡ ಔಷಧಿ. ರಾತ್ರಿ ಬಲಗಡೆ ಮಲಗದೆ, ಎಡಗಡೆ ಮಲಗಿ ಬಲಗೈ ಕೆಳಗೆ ದಿಂಬು ಇಟ್ಟುಕೊಳ್ಳಲಿ.

ಬಿದ್ದ ಮೇಲೆ ಕೈ ಏಳುವುದೇ ನಿಂತುಹೋಗಿದ್ದರೆ, ಜ್ವರದ ಜೊತೆ ಭುಜ ಬಾತಿದ್ದರೆ, ಬೆರಳವರೆಗೆ ಜೋಮು ಹಿಡಿಯುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಫಿಜಿಯೋ ಆಮೇಲೆ, ಡಾಕ್ಟರು ಮೊದಲು. ಮೆಟ್ಟಿಲು ಹತ್ತುವಾಗ ಭುಜ ನೋವಿನ ಜೊತೆ ಎದೆ ಭಾರ, ಬೆವರು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೇಸ್‌ಮೇಕರ್ ಇದ್ದರೆ, ಕ್ಯಾನ್ಸರ್ ಆಗಿದ್ದರೆ ಮಷೀನ್ ಇಡುವ ಮೊದಲೇ ತಿಳಿಸಬೇಕು.

ಎಕ್ಸ್-ರೇ ರಿಪೋರ್ಟ್ ಮನೆಯಲ್ಲಿದ್ದರೆ ತೆಗೆದು ನೋಡಿ, ಕ್ಯಾಲ್ಸಿಫಿಕೇಶನ್ ಅನ್ನುವ ಮಾತು ಎಲ್ಲಾದರೂ ಇದೆಯಾ ಅಂತ. ಕೈ ತಿರುಗಿಸಿ ನೋಡಿದ್ದು ಏನಾಯಿತು ಅನ್ನುವುದನ್ನೂ ಸೇರಿಸಿ ಕೆಳಗೆ ಬರೆಯಿರಿ. ಅವೆರಡು ಗೊತ್ತಾದರೆ ಸಿಟ್ಟಿಂಗ್ ವಿಷಯದಲ್ಲಿ ನಾನು ಹೇಳಿದ್ದು ನಿಮ್ಮ ತಂದೆಗೆ ಪೂರ್ತಿ ಅನ್ವಯಿಸುತ್ತದಾ ಇಲ್ಲವಾ ಹೇಳಬಲ್ಲೆ.