ದೇವರ ಮೇಲಿನ ನಂಬಿಕೆಯನ್ನು ಅಳೆದು ನೋಡಬಹುದೇ?

'ದೇವರಿದ್ದಾನೆ' ಎಂಬ ಮಾತನ್ನು ತೂಗಲು ತಕ್ಕಡಿ ಇಲ್ಲ. ಆದರೆ 'ಪ್ರಾರ್ಥಿಸಿದರೆ ರೋಗಿ ಗುಣವಾಗುತ್ತಾನೆ' ಅಂದರೆ ಲೆಕ್ಕ ಹಾಕಬಹುದು.

ಅಮೆರಿಕದಲ್ಲಿ ಹಾಕಿಯೂ ನೋಡಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೈಪಾಸ್ ಆಪರೇಷನ್ ಮಾಡಿಸಿಕೊಂಡ 1,802 ಜನರಿದ್ದರು. ಗುರುತು ಪರಿಚಯವಿಲ್ಲದ ಕ್ರೈಸ್ತ ಭಕ್ತರು, ರೋಗಿಯ ಹೆಸರು ಮತ್ತು ಮನೆತನದ ಹೆಸರಿನ ಮೊದಲ ಅಕ್ಷರ ಇಷ್ಟನ್ನೇ ಹಿಡಿದು 14 ದಿನ ಪ್ರಾರ್ಥಿಸಿದರು. ತನಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ಸಿಕ್ಕವರಿಗೆ ಶೇ. 52, ಸಿಗದವರಿಗೆ ಶೇ. 51ರಷ್ಟು ತೊಡಕುಗಳಾದವು. ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದವರಲ್ಲಿ ಶೇ. 59! ('ದೇವರನ್ನೇ ಕರೆಯುವಷ್ಟು ಕೆಟ್ಟಿದೆಯಾ ನನ್ನ ಸ್ಥಿತಿ' ಎಂಬ ಗಾಬರಿಯೋ ಏನೋ.)

ಇದರಿಂದ ದೇವರಿಲ್ಲ ಅಂತಾಯಿತೇ? ಇಲ್ಲ. 'ಅವನೇನು ನಿಮ್ಮ ಪರೀಕ್ಷೆಗೆ ಕೂರಬೇಕೇ?' ಎಂದು ಭಕ್ತರು ಕೇಳಿದರೆ ಯಾವ ಅಂಕಿಅಂಶವೂ ಉತ್ತರ ಕೊಡದು.