ಕಂಪನಿ ನಾಟಕದಲ್ಲಿ ಮಾತಿನ ಮಧ್ಯೆ ಪಾತ್ರಗಳು ಹಾಡುತ್ತಿದ್ದುದು ಯಾಕೆ?

ಹಾಡಾದರೆ ಕೊನೇ ಸಾಲಿನವರೆಗೂ ಕೇಳುತ್ತಿತ್ತು, ಒಂದು ದೊಡ್ಡ ಕಾರಣ ಅದು. ಹೆಸರಾಂತ ವೃತ್ತಿ ನಾಟಕ ಮಂಡಳಿ ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಆಗ ಮೈಕ್ ಎಲ್ಲಿತ್ತು? ಬರೀ ಮಾತು ನಾಲ್ಕು ಸಾಲು ದಾಟುವಷ್ಟರಲ್ಲಿ ಕರಗಿಹೋಗುತ್ತದೆ, ಆದರೆ ಏರು ಶ್ರುತಿಯಲ್ಲಿ ಎಳೆದು ಹಾಡಿದ ಸ್ವರ ಜನರ ಗದ್ದಲವನ್ನೂ ಸೀಳಿಕೊಂಡು ಹಿಂದೆ ಕೂತವರ ಕಿವಿ ಮುಟ್ಟುತ್ತದೆ. ಜೊತೆಗೆ ಕಾಲು ಹಾರ್ಮೋನಿಯಂ. ಕಾಲಲ್ಲಿ ತುಳಿದು ಗಾಳಿ ತುಂಬುವುದರಿಂದ ಎರಡೂ ಕೈ ನುಡಿಸಲಿಕ್ಕೇ ಸಿಗುತ್ತಿತ್ತು. ಹಾಗಾಗಿ ಕೋಪ, ವಿರಹ, ಕೊನೆಗೆ ಸಾವು ಕೂಡ ಹಾಡಿನಲ್ಲೇ. ಯಕ್ಷಗಾನ, ದೊಡ್ಡಾಟ ನೋಡಿ ಬೆಳೆದ ಜನಕ್ಕೆ ಇದು ವಿಚಿತ್ರ ಅನ್ನಿಸಲೂ ಇಲ್ಲ, ಎಷ್ಟೋ ಮಂದಿ ಬರುತ್ತಿದ್ದುದೇ ಹಾಡಿಗೆ ಅಲ್ವಾ! ‘ಒನ್ಸ್ ಮೋರ್’ ಕೂಗು ಬಿದ್ದರೆ ಸತ್ತ ಪಾತ್ರವೂ ಎದ್ದು, ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಿತ್ತಂತೆ.